ಒಂದೇ ಫಾರ್ಮುಲಾ, ಮೂರು ಕಡೆ: ಎಕ್ಸೆಲ್, ಕ್ಯಾಲ್ಕ್, ಶೀಟ್ಸ್‌ನಲ್ಲಿ ಬರೆದು ನೋಡಿದೆ

ನಮ್ಮ ಮನೆ, ಅಣ್ಣನ ಮನೆ, ಪಕ್ಕದ ನಾಲ್ಕು ಮನೆ ಸೇರಿ ಆರು ಮನೆಯವರು ಡೇರಿಗೆ ಹಾಕುವ ಹಾಲಿನ ಲೆಕ್ಕ ನಾನು ಬರೆದಿಡುತ್ತೇನೆ. ಬಟವಾಡೆ ಬಂದಾಗ ತಾಳೆ ನೋಡಬೇಕಲ್ವಾ, ಅದಕ್ಕೆ. ಲೀಟರ್ ಕಾಲಂ ಖಾಲಿ ಇದ್ದರೆ ಖಾಲಿ ಬಿಡಬೇಕು, ಫ್ಯಾಟ್ ನೋಡಿ ಪಟ್ಟಿಯಿಂದ ದರ ತರಬೇಕು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) 8.5ಕ್ಕಿಂತ ಕೆಳಗೆ ಹೋದರೆ ದರದಲ್ಲಿ ಕಳೆಯಬೇಕು. ಷರತ್ತು ನೋಡುವ ಇಫ್ ಎರಡು, ಪಟ್ಟಿಯಲ್ಲಿ ಹುಡುಕಿ ತರುವ ವಿಲುಕಪ್ ಒಂದು, ಅಷ್ಟೇ. ಇದೇ ಫಾರ್ಮುಲಾವನ್ನು ಲೆಕ್ಕದ ಹಾಳೆಯ ಈ ಮೂರು ತಂತ್ರಾಂಶಗಳಲ್ಲೂ ಮೊದಲಿಂದ ಟೈಪ್ ಮಾಡಿ ನೋಡಿದೆ.

ಎಕ್ಸೆಲ್‌ನಲ್ಲಿ ಮೊದಲು ಗೊತ್ತಿರಬೇಕಾದ್ದು ಬಾಣದ ಕೀ ವಿಷಯ. ಫಾರ್ಮುಲಾ ಬರೆಯುವಾಗ ಹಿಂದಿನ ಅಕ್ಷರಕ್ಕೆ ಹೋಗೋಣ ಅಂತ ಎಡ ಬಾಣ ಒತ್ತಿದರೆ ಕರ್ಸರ್ ಹಿಂದೆ ಹೋಗುವುದಿಲ್ಲ, ಎಷ್ಟೋ ಸಲ ಪಕ್ಕದ ಸೆಲ್ಲಿನ ಹೆಸರು ಬಂದು ಮಧ್ಯದಲ್ಲಿ ಕೂರುತ್ತದೆ. ಷರತ್ತು ನೋಡಿ ಸೆಲ್ಲಿಗೆ ಬಣ್ಣ ಹಾಕುವ ಕಂಡಿಷನಲ್ ಫಾರ್ಮ್ಯಾಟಿಂಗ್‌ನ ಪುಟ್ಟ ಡಬ್ಬಿಯಲ್ಲಂತೂ ಇದು ಜಾಸ್ತಿ ಕಾಡುತ್ತದೆ. ಎಸ್‌ಎನ್‌ಎಫ್ ಕಡಿಮೆ ಇರುವ ದಿನಕ್ಕೆ ಕೆಂಪು ಬಣ್ಣ ಬರಲಿ ಅಂತ ಬರೆದಿದ್ದೆ, 8.5 ಅನ್ನು 8.3 ಮಾಡಲು ಎರಡು ಸಲ ಬಾಣ ಒತ್ತಿದೆ, ಬರೆದದ್ದೆಲ್ಲ ಕಲಸಿಹೋಯಿತು. ಇದಕ್ಕೆ ಮದ್ದು ಎಫ್2. ಅದನ್ನು ಒಂದು ಸಲ ಒತ್ತಿದರೆ ಬಾಣ ಅಕ್ಷರಗಳ ಮೇಲೆ ಓಡಾಡುತ್ತದೆ, ಇನ್ನೊಂದು ಸಲ ಒತ್ತಿದರೆ ಮತ್ತೆ ಸೆಲ್ ಆರಿಸುತ್ತದೆ. ಈಗ ಯಾವುದರಲ್ಲಿದ್ದೀರಿ ಅಂತ ಕೆಳಗಿನ ಎಡ ಮೂಲೆಯಲ್ಲಿ ಬರೆದಿರುತ್ತದೆ, ಎಂಟರ್, ಎಡಿಟ್ ಅಥವಾ ಪಾಯಿಂಟ್ ಅಂತ. ವರ್ಷಗಟ್ಟಲೆ ಎಕ್ಸೆಲ್ ಬಳಸಿದ ಎಷ್ಟೋ ಜನ ಆ ಮೂಲೆಯ ಕಡೆ ನೋಡಿಯೇ ಇರುವುದಿಲ್ಲ.

ಇದೊಂದು ರೂಢಿಯಾದರೆ ಬರೆಯುವುದಕ್ಕೆ ಎಕ್ಸೆಲ್ಲೇ ಹಿತ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಮೇಲಿನ ಫಾರ್ಮುಲಾ ಪಟ್ಟಿ (ಫಾರ್ಮುಲಾ ಬಾರ್) ಅಗಲವಾಗುತ್ತದೆ, ಆಲ್ಟ್ ಜೊತೆ ಎಂಟರ್ ಒತ್ತಿ ಒಂದೊಂದು ಇಫ್ ಅನ್ನೂ ಬೇರೆ ಸಾಲಿಗೆ ತರಬಹುದು. ಅನುಮಾನ ಇರುವ ಭಾಗವನ್ನಷ್ಟೇ ಆರಿಸಿ ಎಫ್9 ಒತ್ತಿದರೆ ಅದರ ಉತ್ತರ ಅಲ್ಲೇ ಕಾಣುತ್ತದೆ. ನೋಡಿ ಆದ ಮೇಲೆ ಎಸ್ಕೇಪ್ ಒತ್ತುವುದನ್ನು ಮಾತ್ರ ಮರೆಯಬೇಡಿ. ಎಂಟರ್ ಹೊಡೆದರೆ ಫಾರ್ಮುಲಾದ ಆ ಭಾಗ ಹೋಗಿ ಬರೀ ಸಂಖ್ಯೆ ಉಳಿದುಬಿಡುತ್ತದೆ.

ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ನನಗೆ ಮೊದಲು ಅಡ್ಡ ಬಂದದ್ದು ಅಲ್ಪವಿರಾಮ. ನನ್ನ ಕಂಪ್ಯೂಟರಿನಲ್ಲಿ ಅದು ಕಾಮಾ ಬದಲು ಸೆಮಿಕೋಲನ್ ಕೇಳುತ್ತಿತ್ತು. ಟೂಲ್ಸ್, ಆಪ್ಷನ್ಸ್, ಕ್ಯಾಲ್ಕ್, ಫಾರ್ಮುಲಾ ಅಂತ ಹೋದರೆ ಬದಲಾಯಿಸಬಹುದು, ಎರಡು ನಿಮಿಷದ ಕೆಲಸ. ಬ್ರಾಕೆಟ್ ತಪ್ಪಿದರೆ ಸೆಲ್ಲಿನಲ್ಲಿ 508 ಅಂತ ನಂಬರು ತೋರಿಸುತ್ತದೆ, ಅದರಿಂದ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಆದರೆ ಕಂಟ್ರೋಲ್ ಎಫ್2 ಒತ್ತಿದರೆ ತೆರೆಯುವ ಫಂಕ್ಷನ್ ವಿಝಾರ್ಡ್ ಇದೆಯಲ್ಲ, ಅದರ ಸ್ಟ್ರಕ್ಚರ್ ಟ್ಯಾಬ್ ನನಗೆ ತುಂಬ ಇಷ್ಟವಾಯಿತು. ಇಡೀ ಫಾರ್ಮುಲಾ ಅಲ್ಲಿ ವಂಶವೃಕ್ಷದ ಹಾಗೆ ಬಿಚ್ಚಿಕೊಳ್ಳುತ್ತದೆ. ಯಾವ ಇಫ್ ಒಳಗೆ ಯಾವುದು ಕೂತಿದೆ ಅಂತ ಕಣ್ಣಿಗೇ ಕಾಣುತ್ತದೆ, ಸರಿ ಇದ್ದ ಕಡೆ ನೀಲಿ ಚುಕ್ಕೆ, ತಪ್ಪಿದ ಕಡೆ ಕೆಂಪು ಚುಕ್ಕೆ. ಬೇರೆ ಯಾರೋ ಬರೆದಿಟ್ಟ ಉದ್ದದ ಫಾರ್ಮುಲಾ ಕೈಗೆ ಬಂದರೆ ನಾನು ಈಗ ಮೊದಲು ಇಲ್ಲೇ ತೆರೆಯುತ್ತೇನೆ. ಇದಕ್ಕೆ ದುಡ್ಡೂ ಕೊಡಬೇಕಾಗಿಲ್ಲ.

ಗೂಗಲ್ ಶೀಟ್ಸ್ ಟೈಪ್ ಮಾಡುತ್ತಿದ್ದಂತೆ ಉತ್ತರ ಮೇಲೆ ತೋರಿಸುತ್ತಾ ಹೋಗುತ್ತದೆ, ಅದು ಒಳ್ಳೆಯದು. ಸಹಾಯದ ಪೆಟ್ಟಿಗೆ ಮಾತ್ರ ನಾನು ಆರಿಸಬೇಕಾದ ಸೆಲ್ಲುಗಳ ಮೇಲೆಯೇ ಬಂದು ಕೂರುತ್ತದೆ. ಎಫ್1 ಒತ್ತಿದರೆ ಚಿಕ್ಕದಾಗುತ್ತದೆ. ಹೊಸ ಸಾಲಿಗೆ ಕಂಟ್ರೋಲ್ ಎಂಟರ್. ಫೋನಿನಲ್ಲಿ ಫಾರ್ಮುಲಾ ಬರೆಯುವುದು ಬೇಡವೇ ಬೇಡ, ಬ್ರಾಕೆಟ್ಟಿಗೊಮ್ಮೆ, ಕೊಟೇಶನ್ ಗುರುತಿಗೊಮ್ಮೆ ಕೀಬೋರ್ಡ್ ಪುಟ ತಿರುಗಿಸಬೇಕು, ನಡುವೆ 'ಬಾಕಿ' ಅಂತ ಒಂದು ಕನ್ನಡ ಪದ ಬಂದರೆ ಭಾಷೆಯನ್ನೂ ಬದಲಿಸಬೇಕು.

ಕನ್ನಡದ ಮಾತು ಬಂದದ್ದಕ್ಕೆ ಇದೊಂದು ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಹಾಳೆ ಇದ್ದರೆ ಸೆಲ್ಲಿನಲ್ಲಿ ಕನ್ನಡ ಕಾಣುತ್ತದೆ, ಎಕ್ಸೆಲ್‌ನ ಫಾರ್ಮುಲಾ ಪಟ್ಟಿಯಲ್ಲಿ ಅದೇ ಪದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿರುತ್ತದೆ. ಆ ಹಾಳೆಯ ಹೆಸರುಗಳನ್ನು ಹುಡುಕುವ ಫಾರ್ಮುಲಾದಲ್ಲಿ ಯೂನಿಕೋಡ್ ಕನ್ನಡ (ಈಗ ಫೋನು, ಕಂಪ್ಯೂಟರುಗಳಲ್ಲಿ ಬಳಸುವುದು) ಬರೆದರೆ ಎರಡೂ ಹೊಂದುವುದಿಲ್ಲ. ಮೊದಲು ಹಾಳೆಯನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಫಾರ್ಮುಲಾ ಆಮೇಲೆ.

ಈಗ ನಾನು ಎಕ್ಸೆಲ್‌ನಲ್ಲಿ ಬರೆದು, ಸರಿ ಬಂದ ಮೇಲೆ ಶೀಟ್ಸ್‌ಗೆ ಪೇಸ್ಟ್ ಮಾಡುತ್ತೇನೆ. ಅತ್ತಿಗೆ ಕೊಟ್ಟಿಗೆಯಿಂದಲೇ ಫೋನಿನಲ್ಲಿ ಲೀಟರ್ ಹಾಕುತ್ತಾರೆ. ಫಾರ್ಮುಲಾ ಇರುವ ಕಾಲಂಗೆ ಬೇರೆಯವರ ಕೈ ತಾಗದ ಹಾಗೆ ಪ್ರೊಟೆಕ್ಟ್ ಮಾಡಿಟ್ಟಿದ್ದೇನೆ.