ಮಗಳ ಈಜುಡುಗೆ ಹೊಲಿಸಲು ಕೊಟ್ಟು ಮೋಸಹೋದೆವು, ನೀವಾದರೂ ಎಚ್ಚರವಾಗಿರಿ

ಮೈಸೂರಿನಲ್ಲಿ ಮಕ್ಕಳಿಗೆ, ಅದರಲ್ಲೂ ತುಸು ದಪ್ಪಗಿರುವ ಮಕ್ಕಳಿಗೆ ಈಜುಡುಗೆ ಹೊಲಿಸಬೇಕೆಂದಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಆದರೆ ನಡೆದದ್ದನ್ನು ಬರೆಯದೆ ಇರಲಾರೆ. ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಈಜು ಕಲಿಯುತ್ತೇನೆಂದು ಅವಳೇ ಹಟ ಹಿಡಿದಳು. ದೇವರಾಜ ಅರಸು ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದ್ದಾಯಿತು, ಆನ್‌ಲೈನ್‌ನಲ್ಲಿ ತರಿಸಿ ವಾಪಸ್ ಕಳಿಸಿದ್ದೂ ಆಯಿತು. ಸಿದ್ಧ ಉಡುಪಿನ ಅಳತೆ ವಯಸ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ಎದೆ, ಸೊಂಟಕ್ಕೆ ಸರಿಹೋಗಲೆಂದು ಹದಿನಾಲ್ಕು ವರ್ಷದವರ ಅಳತೆ ತೆಗೆದುಕೊಂಡರೆ ಉದ್ದ ಹೆಚ್ಚಾಗಿ ಭುಜದ ಪಟ್ಟಿ ಜಾರುತ್ತದೆ. ವಯಸ್ಸಿಗೆ ತಕ್ಕದ್ದು ತೊಡೆಯಿಂದ ಮೇಲೇರುವುದೇ ಇಲ್ಲ. ಈ ಪಾಡು ಪಟ್ಟ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಅಂಗಡಿಯ ಗಾಜಿನ ಹಿಂದೆ ಚೆಂದದ ನೀಲಿ ಈಜುಡುಗೆಯೊಂದನ್ನು ತೂಗುಹಾಕಿದ್ದರು. ‘ನಾವೇ ಹೊಲಿದದ್ದು ಮೇಡಂ. ಈಜುಡುಗೆಯ ಬಟ್ಟೆಯನ್ನೇ ಬೆಂಗಳೂರಿನಿಂದ ತರಿಸುತ್ತೇವೆ, ನೀವು ಯೋಚನೆ ಮಾಡಬೇಡಿ’ ಎಂದರು. ಬಟ್ಟೆಯೂ ಸೇರಿ 1800 ರೂಪಾಯಿ. ಅದರ ಮೇಲೆ ಇನ್ನೂ 400. ಏಕೆಂದು ಕೇಳಿದರೆ, ‘ಮಗು ದಪ್ಪ ಇದೆಯಲ್ಲ ಮೇಡಂ, ಬಟ್ಟೆ ಜಾಸ್ತಿ ಹಿಡಿಯುತ್ತದೆ.’ ಮಗಳು ಪಕ್ಕದಲ್ಲೇ ನಿಂತಿದ್ದಳು. ಬಟ್ಟೆ ತರಿಸಬೇಕೆಂದು ಹೇಳಿ ಪೂರ್ತಿ ಹಣ ಮೊದಲೇ ತೆಗೆದುಕೊಂಡರು. ಕೊಟ್ಟ ಚೀಟಿಯಲ್ಲಿ ‘ಡ್ರೆಸ್ 1’ ಎಂದಷ್ಟೇ ಇತ್ತು.

ಆಮೇಲೆ ಎಂದಿನ ನಾಳೆ ಬನ್ನಿ, ನಾಡಿದ್ದು ಬನ್ನಿ. ಶಿಬಿರ ಶುರುವಾಗುವ ಹಿಂದಿನ ರಾತ್ರಿ ಉಡುಗೆ ಕೈಗೆ ಬಂತು. ಮನೆಯಲ್ಲಿ ಹಾಕಿ ನೋಡಿದಾಗ ಭುಜದ ಬಳಿ ಬಿಗಿ ಇತ್ತು. ಫೋನ್ ಮಾಡಿದೆ. ‘ನೀರಿಗೆ ಬಿದ್ದರೆ ಸಡಿಲವಾಗುತ್ತದೆ ಮೇಡಂ’ ಎಂದರು. ಸಡಿಲವೇನೋ ಆಯಿತು!

ನೀರಿಗೆ ಇಳಿದ ಸ್ವಲ್ಪ ಹೊತ್ತಿಗೇ ಬಟ್ಟೆ ನೀರು ಕುಡಿದು ನೆನೆದ ಗೋಣಿಚೀಲದಂತೆ ಜೋತುಬಿತ್ತು. ಕೊರಳು ಎದೆಯವರೆಗೆ ಇಳಿಯಿತು. ಕೈ ಎತ್ತಿದಾಗ ಕಂಕುಳಿಂದ ಸೊಂಟದವರೆಗೆ ಹೊಲಿಗೆ ಬಿಟ್ಟುಕೊಂಡಿತು. ತರಬೇತುದಾರರು ಬಟ್ಟೆಯ ಅಂಚು ಮುಟ್ಟಿ ನೋಡಿ, ‘ಅಮ್ಮ, ಇದು ಹತ್ತಿ ಬೆರೆತ ಬಟ್ಟೆ, ಇದರಲ್ಲಿ ಕೊಳಕ್ಕೆ ಇಳಿಸುವಂತಿಲ್ಲ’ ಎಂದರು. ಅವರು ಮೆಲ್ಲಗೆ ಹೇಳಿದರೂ ಸುತ್ತ ನಿಂತಿದ್ದ ಮಕ್ಕಳಿಗೆ ಕೇಳಿಸಿತು. ಟವೆಲ್ ಸುತ್ತಿಕೊಂಡು ಹೊರಬಂದ ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, ‘ನಾನು ದಪ್ಪ ಇರುವುದಕ್ಕೆ ಹರಿಯಿತಾ ಅಮ್ಮ?’ ಎಂದು ಕೇಳಿದಳು.

ಇಲ್ಲ. ಹರಿದದ್ದು ಅದಕ್ಕಲ್ಲ. ಮಂಡ್ಯದಲ್ಲಿರುವ ನನ್ನ ಅತ್ತಿಗೆಗೆ ಹೊಲಿಗೆ ಕೆಲಸ ಚೆನ್ನಾಗಿ ಗೊತ್ತು. ಅವರು ಉಡುಗೆಯನ್ನು ಒಳಮಗ್ಗುಲು ಮಾಡಿ ಒಂದೊಂದಾಗಿ ತೋರಿಸಿದರು. ಹಿಗ್ಗುವ ಬಟ್ಟೆಯನ್ನು ಅಂಚು ಸುತ್ತಿ ಹೊಲಿಯುವ ಓವರ್‌ಲಾಕ್‌ನಲ್ಲೋ ಅಂಕುಡೊಂಕಾಗಿ ಸಾಗುವ ಜಿಗ್‌ಜಾಗ್‌ನಲ್ಲೋ ಹೊಲಿಯಬೇಕು, ಆಗ ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗುತ್ತದೆ. ಇಲ್ಲಿ ರವಿಕೆಗೆ ಹಾಕುವ ನೇರ ಹೊಲಿಗೆ ಹಾಕಿದ್ದರು, ಅದೂ ಹತ್ತಿ ದಾರದಲ್ಲಿ. ಅಸ್ತರು ಇರಲೇ ಇಲ್ಲ. ಎದೆಯ ಬಳಿ ದೊಡ್ಡ ಹೆಂಗಸರಿಗೆ ಉಬ್ಬು ಬರಲೆಂದು ಬಟ್ಟೆ ಮಡಿಸಿ ಹೊಲಿಯುವ ಡಾರ್ಟ್! ಯಾರದೋ ಅಳತೆಯ ಕಾಗದವನ್ನು ಕೆಳಗೆ ಕತ್ತರಿಸಿ ನನ್ನ ಮಗುವಿಗೆ ಹೊಂದಿಸಿದ್ದರು.

ಕೊನೆಗೆ ಅತ್ತಿಗೆ ಒಳಗಿನ ಒಂದು ಚೂರನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ಈಜುಡುಗೆಗೆ ಬಳಸುವ ನೈಲಾನ್ ಅಥವಾ ಪಾಲಿಯೆಸ್ಟರ್ ಬೆರೆತ ಬಟ್ಟೆಯಾದರೆ ಮುದುಡಿ, ಕರಗಿ, ಗಟ್ಟಿ ಮಣಿಯಾಗಬೇಕಿತ್ತು. ಇದು ಕಾಗದ ಸುಟ್ಟ ವಾಸನೆ ಹೊಡೆದು ಬೂದಿಯಾಯಿತು. ‘ನೋಡಮ್ಮ, ಇದು ಲೆಗ್ಗಿಂಗ್ಸ್ ಬಟ್ಟೆ’ ಎಂದರು. ಬೆಂಗಳೂರಿನಿಂದ ತರಿಸಿದ ಬಟ್ಟೆ! ಅದಕ್ಕೆ 400 ರೂಪಾಯಿ ಹೆಚ್ಚು! ಆ ಗಳಿಗೆಯಲ್ಲಿ ಆದ ಅವಮಾನವನ್ನು ಹೇಗೆ ಬರೆಯಲಿ? ದುಡ್ಡಿನ ನಷ್ಟಕ್ಕಿಂತ, ನಗುನಗುತ್ತಾ ಹೇಳಿದ ಸುಳ್ಳು ಹೆಚ್ಚು ಚುಚ್ಚಿತು.

ಉಡುಗೆಯನ್ನೂ ಸುಟ್ಟ ಚೂರನ್ನೂ ಹಿಡಿದು ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

‘ಬಟ್ಟೆ ಇರುವುದು ಹಾಕಿಕೊಳ್ಳಲು ಮೇಡಂ, ಸುಡುವುದಕ್ಕಲ್ಲ.’

‘ನೈಲಾನ್ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇವಾ?’

ಗಾಜಿನ ಹಿಂದಿದ್ದ ನೀಲಿ ಉಡುಗೆ ತೋರಿಸಿ, ‘ಇದನ್ನು ನೀವೇ ಹೊಲಿದದ್ದು ಎಂದಿರಲ್ಲ’ ಎಂದೆ. ‘ಅದು ಮಾದರಿಗೆ ಇಟ್ಟದ್ದು ಮೇಡಂ.’ ಕೊರಳಿನ ಒಳಗೆ ಕಂಪನಿಯ ಚೀಟಿ ಇನ್ನೂ ಹಾಗೇ ಇತ್ತು. ಸಿದ್ಧ ಉಡುಪನ್ನು ಕೊಂಡು ತಂದು ತೂಗುಹಾಕಿ, ತಮ್ಮ ಕೆಲಸವೆಂದು ತೋರಿಸಿ ಹಣ ಪಡೆಯುವುದಕ್ಕೆ ಏನೆನ್ನಬೇಕು?

ಹಣ ವಾಪಸ್ ಕೇಳಿದ್ದಕ್ಕೆ ಬಂದ ಮಾತು: ‘ಮೊದಲು ಮಗುವಿನ ಮೈ ಇಳಿಸಿ ಮೇಡಂ, ಆಮೇಲೆ ಯಾರು ಹೊಲಿದರೂ ಸರಿಯಾಗಿ ಕೂರುತ್ತದೆ.’

ಮಗಳನ್ನು ಕರೆದುಕೊಂಡು ಹೋಗದೆ ಇದ್ದದ್ದು ಪುಣ್ಯ. ಒಂಬತ್ತು ವರ್ಷದ ಕೂಸಿನ ಮೈ ಮೇಲೆ ತಮ್ಮ ಕಳ್ಳತನವನ್ನು ಹೊರಿಸುತ್ತಾರಲ್ಲ, ಇವರಿಗೂ ಮಕ್ಕಳಿಲ್ಲವೇ? ಮೈಗೆ ತಕ್ಕಂತೆ ಹೊಲಿಯಲೆಂದೇ ಅಲ್ಲವೇ ನಾವು ಟೈಲರ್ ಬಳಿ ಹೋಗುವುದು?

ಹೊಲಿಸಲೇಬೇಕಾದವರಿಗೆ ಕೆಲವು ಮಾತು. ಬಟ್ಟೆಯನ್ನು ನೀವೇ ಕೊಂಡು ಕೊಡಿ, ಅಂಗಡಿಯವರ ಬಾಯಿಮಾತು ನಂಬಬೇಡಿ. ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ, ಎರಡೂ ಕಡೆ ಹಿಗ್ಗಬೇಕು, ಬಿಟ್ಟಾಗ ಮೊದಲಿನಂತಾಗಬೇಕು. ತೆಳು ಬಣ್ಣ ಬೇಡ, ಒದ್ದೆಯಾದರೆ ಮೈ ಕಾಣುತ್ತದೆ. ಅಳತೆ ತೆಗೆಯುವಾಗ ಕಣ್ಣಿಟ್ಟು ನೋಡಿ. ಎದೆ, ಸೊಂಟ, ತೊಡೆ ಸಾಲದು. ಭುಜದ ಮೇಲಿಂದ ಟೇಪನ್ನು ಮುಂದೆ ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನಿನ ಮೇಲಿಂದ ಅದೇ ಭುಜಕ್ಕೆ ತಂದು ಸುತ್ತಳತೆ ತೆಗೆಯಬೇಕು. ಹೊಟ್ಟೆ ತುಂಬಿಕೊಂಡಿರುವ ಮಕ್ಕಳಿಗೆ ಈ ಅಳತೆಯೇ ಮುಖ್ಯ, ಹೊಟ್ಟೆಯನ್ನು ಬಳಸಿ ಬರುವ ಮುಂಭಾಗಕ್ಕೆ ಉದ್ದ ಹೆಚ್ಚು ಬೇಕಾಗುತ್ತದೆ. ಅದು ಸಾಲದಿದ್ದರೆ ಭುಜ ಕೊಯ್ಯುತ್ತದೆ, ಕೆಳಗೆ ಎಳೆಯುತ್ತದೆ. ನನ್ನ ಮಗಳ ಭುಜದ ಮೇಲೆ ಕೆಂಪು ಗೆರೆ ಮೂಡಿದ್ದು ಇದರಿಂದಲೇ. ಆ ಟೈಲರ್ ಈ ಅಳತೆ ತೆಗೆಯಲೇ ಇಲ್ಲ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಕೊಳದ ಕ್ಲೋರಿನ್‌ಗೆ ಬೇಗ ಜೀರ್ಣವಾಗುತ್ತದೆ. ಬಟ್ಟೆಯ ಹೆಸರು ಬಿಲ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ಹಣ ಮೊದಲೇ ಖಂಡಿತ ಕೊಡಬೇಡಿ. ಮಗುವಿನ ಎದುರು ಮೈಯ ಬಗ್ಗೆ ಮಾತಾಡುವ ಅಂಗಡಿಯಾದರೆ ಅಲ್ಲಿಂದಲೇ ಎದ್ದು ಬನ್ನಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಅಂಗಡಿಯಿಂದ ಫೋನ್ ಬಂತು. ‘400 ವಾಪಸ್ ಕೊಡುತ್ತೇವೆ, ಸುಮ್ಮನೆ ಏಕೆ ದೊಡ್ಡದು ಮಾಡುತ್ತೀರಿ’ ಎಂದರು. ಬೇಡವೆಂದೆ. ಪೂರ್ತಿ ಹಣ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ.

ಶಿಬಿರ ಇನ್ನೂ ನಡೆಯುತ್ತಿದೆ. ಅತ್ತಿಗೆ ಬೇರೆ ಬಟ್ಟೆ ಕತ್ತರಿಸಿ ಇಟ್ಟಿದ್ದಾರೆ, ಅವರ ಬಳಿ ಓವರ್‌ಲಾಕ್ ಯಂತ್ರವಿಲ್ಲ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಹಿಗ್ಗುವ ಬಟ್ಟೆಯನ್ನು ನಿಜವಾಗಿಯೂ ಹೊಲಿಯಬಲ್ಲವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವರು ಹೊಲಿದ ಉಡುಗೆಯನ್ನು ನೀವು ಕಣ್ಣಾರೆ ನೋಡಿದ್ದರೆ ಮಾತ್ರ.