ನಡುಮನೆಯ ಗೂಡ್ಸ್ ರೈಲಿಗೆ ಲಿಟಲ್ ಜೋನಾ, ಡೀಸೆಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೀಸೆಲ್‌ಗೆ. ಇದನ್ನು ಬರೆಯುತ್ತಿರುವುದೇ ದುಡ್ಡು ಕೊಟ್ಟು ಬುದ್ಧಿ ಕಲಿತ ಮೇಲೆ.

ಮೈಸೂರಿನ ಯಾದವಗಿರಿಯಲ್ಲಿ ನಮ್ಮ ಮನೆ. ನಡುಮನೆಯ ಹಲಗೆ ಮೇಲೆ ನನ್ನ ಮಾಡೆಲ್ ರೈಲು ಓಡುತ್ತದೆ. ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಗೂಡ್ಸ್ ಎಳೆಯಲು ಎರಡು ಅಮೆರಿಕನ್ ಎಂಜಿನ್ ಕೊಂಡೆ. ಒಂದು, ಮಿಲ್ವಾಕೀ ರೋಡ್ ಎಂಬ ರೈಲು ಕಂಪನಿಯ ‘ಲಿಟಲ್ ಜೋ’ ಎಲೆಕ್ಟ್ರಿಕ್. ಇನ್ನೊಂದು, ಎಸ್‌ಡಿ40-2 ಡೀಸೆಲ್.

ಜೋ ಮೇಲೆ ಮನಸ್ಸಾಗಿದ್ದು ಅದರ ಕಥೆಗೆ. ಸೋವಿಯತ್ ರಷ್ಯಾಕ್ಕೆಂದು ಅಮೆರಿಕದಲ್ಲಿ 20 ಎಂಜಿನ್ ತಯಾರಾದವು. ಅಷ್ಟರಲ್ಲಿ ಎರಡು ದೇಶಗಳ ಸಂಬಂಧ ಕೆಟ್ಟಿತು, ಮಾಲು ಅಲ್ಲೇ ಉಳಿಯಿತು. 12 ಎಂಜಿನ್ ಮಿಲ್ವಾಕೀ ರೋಡ್ ಪಾಲಾದವು. ಜೋಸೆಫ್ ಸ್ಟಾಲಿನ್ ಹೆಸರೇ ಅಡ್ಡಹೆಸರಾಯಿತು. ಇಷ್ಟು ಓದಿದ ಮೇಲೆ ಸುಮ್ನೆ ಇರೋಕಾಗುತ್ತಾ?

ನನ್ನ ಹಲಗೆ ಮೇಲೆ ಎಳೆಯುವ ತಾಕತ್ತು ಎರಡಕ್ಕೂ ಒಂದೇ. ನೋಟದಲ್ಲಿ ಜೋ ಮುಂದೆ, ಮಾತೇ ಇಲ್ಲ.

ತೊಂದರೆ ತಂತಿಯದ್ದು. ಡೀಸೆಲ್ ಇರಲಿ, ಎಲೆಕ್ಟ್ರಿಕ್ ಇರಲಿ, ಮಾಡೆಲ್‌ಗೆ ಕರೆಂಟು ಹಳಿಯಿಂದಲೇ ಸಿಗುತ್ತದೆ, ಮೇಲಿನ ತಂತಿ ಬರೀ ಶೋಕಿಗೆ. ಮೊದಲು ತಂತಿ ಇಲ್ಲದೆಯೇ ಓಡಿಸಿದೆ. ಪ್ಯಾಂಟೋಗ್ರಾಫ್ (ತಂತಿ ಮುಟ್ಟಲು ಎಂಜಿನ್ ನೆತ್ತಿಯ ಮೇಲಿರುವ ಮಡಚುವ ತೋಳು) ಎತ್ತಿಕೊಂಡು ಬರುತ್ತಿದ್ದ ಜೋನನ್ನು ನೋಡಿ ಮನೆಯವಳು, “ಕೈ ಎತ್ಕೊಂಡು ಯಾರನ್ನ ಕೂಗ್ತಿದೆ ಇದು?” ಎಂದಳು. ಅವಮಾನ ಆಯಿತು. ಎಂಜಿನ್ ಬೆಲೆಯ ಅರ್ಧದಷ್ಟು ಕಂಬ, ತಂತಿಗೆ ಸುರಿದೆ.

ಹಳಿ ಬಾಗುತ್ತದೆ, ತಂತಿ ಬಾಗುವುದಿಲ್ಲ. ತಿರುವಿನಲ್ಲಿ ಕಂಬ ಹತ್ತಿರ ಹತ್ತಿರ ನೆಡದಿದ್ದರೆ ತಂತಿ ಹಳಿಯ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಪ್ಯಾಂಟೋಗ್ರಾಫ್ ಜಾರಿ ಮೇಲಕ್ಕೆದ್ದು ತಂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಮೂರು ಕಂಬ, ನಾಲ್ಕು ವ್ಯಾಗನ್ ಒಟ್ಟಿಗೇ ನೆಲಕ್ಕೆ ಬಿದ್ದವು. ಹಳಿ ತಪ್ಪಿದ ವ್ಯಾಗನ್ ಎತ್ತಲು ಕೈ ಒಳಗೆ ಹೋಗುವುದಿಲ್ಲ. ಹಳಿಯ ಧೂಳು ಒರೆಸಲು ಹೋದರೆ ಇನ್ನೊಂದು ಕಂಬ ವಾಲುತ್ತದೆ.

ವ್ಯಾಗನ್ ನಿಲ್ಲಿಸುವ ಯಾರ್ಡಿನ ಮೂರು ಹಳಿಗೆ ತಂತಿ ಹಾಕುವ ಮೊದಲೇ ತಾಳ್ಮೆ ಮುಗಿದು ಬಿಟ್ಟುಬಿಟ್ಟೆ. ಹಾಗಾಗಿ ಜೋ ಯಾರ್ಡಿನ ಬಾಗಿಲಲ್ಲಿ ನಿಲ್ಲುತ್ತಿತ್ತು, ಡೀಸೆಲ್ ಬಂದು ವ್ಯಾಗನ್ ಒಳಗೆ ಒಯ್ಯುತ್ತಿತ್ತು. ವಾರದಲ್ಲೇ ಅನ್ನಿಸಿತು: ಹೇಗಿದ್ದರೂ ಡೀಸೆಲ್ ಬೇಕು, ಮತ್ತೆ ಜೋ ಯಾಕೆ?

ಮಿಲ್ವಾಕೀ ರೋಡ್‌ಗೂ ಇದೇ ಪಾಡು. ಅವರ ತಂತಿ ಎರಡು ತುಂಡಾಗಿತ್ತು, ನಡುವೆ ಸುಮಾರು 340 ಕಿ.ಮೀ. ಖಾಲಿ. ಆ ಖಾಲಿ ಜಾಗ ದಾಟಲು ಎಂಜಿನ್ ಬದಲಿಸಬೇಕಿತ್ತು. ಡೀಸೆಲ್‌ಗೆ ಆ ರಗಳೆ ಇಲ್ಲ. ಹಳೇ ತಂತಿಯನ್ನು ಹೊಸದು ಮಾಡುವ ಬದಲು 1974ರಲ್ಲಿ ಎಲೆಕ್ಟ್ರಿಕ್ ಓಡಾಟವನ್ನೇ ನಿಲ್ಲಿಸಿ, ತಾಮ್ರ ಬಿಚ್ಚಿ ಮಾರಿದರು. ಅದೂ ಎಣ್ಣೆ ಬೆಲೆ ಗಗನಕ್ಕೇರಿದ್ದ ಹೊತ್ತಿನಲ್ಲಿ! ಬ್ರಿಟನ್ನಿನಲ್ಲೂ ಅಷ್ಟೆ. ಫೆಲಿಕ್ಸ್‌ಸ್ಟೋ ಬಂದರಿನ ಕವಲು ಹಳಿಗೆ ತಂತಿಯೇ ಇಲ್ಲ. 2021ರಲ್ಲಿ ಕರೆಂಟ್ ದರ ಏರಿದಾಗ ಗೂಡ್ಸ್ ಸಾಗಿಸುವ ಫ್ರೈಟ್‌ಲೈನರ್ ಕಂಪನಿ ತನ್ನ ಎಲೆಕ್ಟ್ರಿಕ್ ಎಂಜಿನ್‌ಗಳನ್ನು ಬದಿಗಿಟ್ಟು ಡೀಸೆಲ್ ಹಚ್ಚಿತು.

ನಮ್ಮಲ್ಲಿ ಉಲ್ಟಾ. ದೇಶದ ಬ್ರಾಡ್‌ಗೇಜ್ ಹಳಿಯ ಬಹುಪಾಲಿಗೆ ತಂತಿ ಬಂದಿದೆ, ಮೂಲೆ ಮೂಲೆಗೂ. ತಂತಿ ಕೊನೆಯವರೆಗೆ ಇದ್ದರೆ ಎಲೆಕ್ಟ್ರಿಕ್‌ಗೆ ಸಾಟಿಯಿಲ್ಲ, ಒಪ್ಪುತ್ತೇನೆ. ನನ್ನ ಹಲಗೆ ಮೇಲೆ ಇಲ್ಲವಲ್ಲ.

ಇನ್ನೊಂದು ಕಾರಣ ದಸರಾ. ಪ್ರತಿ ವರ್ಷ ಗೊಂಬೆ ಕೂರಿಸಲು ನಡುಮನೆ ಖಾಲಿ ಮಾಡಬೇಕು. ಬರೀ ಹಳಿ ಬಿಚ್ಚಲು ಅರ್ಧ ಗಂಟೆ ಸಾಕು. ಕಂಬ, ತಂತಿ ಇದ್ದ ವರ್ಷ ಎರಡು ದಿನ ಹಿಡಿಯಿತು, ಮನೆಯಲ್ಲಿ ಮಾತು ಕೇಳಿದ್ದು ಬೇರೆ. ದೊಡ್ಡ ಕೋಣೆ, ಖಾಯಂ ಜಾಗ ಇದ್ದವರು ಜೋ ಕೊಳ್ಳಿ. ನನ್ನಂತೆ ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುವವರಿಗೆ ಡೀಸೆಲ್ಲೇ ಸರಿ.

ಜೋನನ್ನು ಮಾರಿಲ್ಲ. ಈ ಸಲ ಪ್ಯಾಂಟೋಗ್ರಾಫ್ ಮಡಿಸಿಕೊಂಡು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕೂತಿತ್ತು. ಡೀಸೆಲ್ ಮಾತ್ರ ನೆಲದ ಮೇಲೆ ಸುತ್ತು ಹಾಕುತ್ತಾ, ಬೊಂಬೆ ಬಾಗಿನಕ್ಕೆ ಬಂದ ಮಕ್ಕಳಿಗೆ ವ್ಯಾಗನ್ನಿನಲ್ಲಿ ಹುರಿಗಡಲೆ ಸಾಗಿಸುತ್ತಿತ್ತು.