ಹಿರಿಯರನ್ನು ದೋಣಿಗೆ ಕರೆದುಕೊಂಡು ಹೋಗುವವರು ಓದಿ: ಇಳಿಯುವಾಗ ಎಚ್ಚರ

ಕಾಸರಗೋಡು ಕಡೆಯ ಹಿನ್ನೀರಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ದೋಣಿ ಮಗುಚಿ 22 ಜನ ತೀರಿಕೊಂಡರು. ಆಮೇಲೆ ಲೈಫ್ ಜಾಕೆಟ್ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಆದರೆ ಕಡವಿನಲ್ಲಿ ಹತ್ತುವ, ಇಳಿಯುವ ಆ ಒಂದು ಹೆಜ್ಜೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಯಜಮಾನರು ಬಿದ್ದದ್ದು ಅಲ್ಲೇ.

ಮಗ, ಸೊಸೆ ನಮ್ಮನ್ನು ವಲಿಯಪರಂಬದ ಕಡೆಗೆ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ದೋಣಿಯ ಅಂಚು ಕಟ್ಟೆಯ ಸಮಕ್ಕೇ ಇತ್ತು. ಹೊಸಿಲು ದಾಟಿದ ಹಾಗೆ ಹತ್ತಿದೆವು. ಮಧ್ಯಾಹ್ನ ವಾಪಸ್ ಬಂದಾಗ ನೀರು ಇಳಿದಿತ್ತು, ದೋಣಿ ಮೊಣಕಾಲುದ್ದ ಕೆಳಗೆ. ಉಬ್ಬರ ಇಳಿಯಲು ಸುಮಾರು 6 ಗಂಟೆ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ. ಬೆಳಿಗ್ಗೆ ನೀರಿನಡಿ ಇದ್ದ ಪಾಚಿ ಹಿಡಿದ ಮೆಟ್ಟಿಲು ಈಗ ಮೇಲೆ ಕಾಣುತ್ತಿತ್ತು.

ದೋಣಿಯ ಹುಡುಗ ಮುಂದಿನ ಹಗ್ಗ ಮಾತ್ರ ಗೂಟಕ್ಕೆ ಸುತ್ತಿದ್ದ. ಹಿಂದಿನದು ಸುಮ್ನೆ ಬಿದ್ದಿತ್ತು. ಮುಂದಿನ ತಂಡ ಕಾಯುತ್ತಿದೆ ಅಂತ ಅವಸರ ಬೇರೆ. "ಹಾರಿಬಿಡಿ ಅಜ್ಜಾ, ಏನೂ ಆಗುವುದಿಲ್ಲ" ಅಂತ ಒಂದು ಕೈ ಹಿಡಿದು ಎಳೆದ. ಇವರು ಒಂದು ಕಾಲು ಮೆಟ್ಟಿಲಿಗೆ ಇಟ್ಟು, ದೋಣಿಯಲ್ಲಿದ್ದ ಇನ್ನೊಂದನ್ನು ಊರಿ ಮೇಲೇಳುವಾಗ ಆ ಒತ್ತಡಕ್ಕೇ ದೋಣಿ ಆಚೆ ಸರಿಯಿತು. ಕಾಲು ನಡುವೆ ಜಾರಿತು. ಚರ್ಮ ಸುಲಿಯಿತು, ಭುಜ ಉಳುಕಿತು, ಹಣೆ ಕಟ್ಟೆಗೆ ಬಡಿಯಿತು.

ಇವರು ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು. ಅಂಥವರ ತಲೆಗೆ ಪೆಟ್ಟಾದರೆ ಹೊರಗೆ ಏನೂ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ಮನೆಗೆ ಹೋಗಿ ನೋಡೋಣ ಅನ್ನಲೇಬೇಡಿ. ನಾವು ನೇರ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ದೇವರ ದಯೆ, ತಲೆಗೆ ಏನೂ ಆಗಿರಲಿಲ್ಲ. ಭುಜ ಇನ್ನೂ ಸರಿಯಾಗಿಲ್ಲ, ಅಂಗಿ ಹಾಕಲು ನಾನು ಬೇಕು.

"ವಯಸ್ಸಾದವರನ್ನು ಯಾಕೆ ಕರೆದುಕೊಂಡು ಬರುತ್ತೀರಿ" ಅಂದರು ದೋಣಿಯವರು. ಆ ಮಾತು ಇನ್ನೂ ಚುಚ್ಚುತ್ತದೆ. ದಿನಾ ತೋಟ ಸುತ್ತಿ ಬರುವ ಮನುಷ್ಯ ಇವರು. ಎರಡೂ ಹಗ್ಗ ಬಿಗಿದು, ಎರಡು ನಿಮಿಷ ತಾಳ್ಮೆ ತೋರಿಸಿದ್ದರೆ ಸಾಕಿತ್ತು ಅಲ್ವಾ?

ಹಿಂದೆ ಮುಂದೆ ಎರಡೂ ಹಗ್ಗ ಕಟ್ಟುವ ತನಕ ಸೀಟು ಬಿಟ್ಟು ಏಳಬೇಡಿ. ಎಲ್ಲರೂ ಒಟ್ಟಿಗೆ ಎದ್ದರೆ ದೋಣಿ ವಾಲುತ್ತದೆ. ಬಿಪಿ ಮಾತ್ರೆ ತಗೊಳ್ಳುವವರಿಗೆ ಕೂತಲ್ಲಿಂದ ಎದ್ದಾಗ ತಲೆ ತಿರುಗಬಹುದು, ಎದ್ದು ಸ್ವಲ್ಪ ನಿಂತು ಆಮೇಲೆ ಹೆಜ್ಜೆ ಇಡಲಿ. ಬ್ಯಾಗು, ಊರುಗೋಲು ಮೊದಲೇ ದಾಟಿಸಿ ಎರಡೂ ಕೈ ಖಾಲಿ ಮಾಡಿಕೊಳ್ಳಿ. ಎರಡು ಕೈ, ಎರಡು ಕಾಲು ಸೇರಿ ನಾಲ್ಕರಲ್ಲಿ ಮೂರು ಯಾವಾಗಲೂ ಗಟ್ಟಿ ಜಾಗದಲ್ಲಿರಬೇಕು. ದೋಣಿಗೂ ಕಟ್ಟೆಗೂ ನಡುವೆ ಬೆರಳು ಸಿಗದ ಹಾಗೆ ನೋಡಿಕೊಳ್ಳಿ. ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ದೋಣಿಯ ನಡುವಿಗೆ ಇಟ್ಟು ಕೂಡಲೇ ಕೂತುಬಿಡಿ. ಲೈಫ್ ಜಾಕೆಟ್ ಹಾಕಬೇಕಾದ್ದು ಕಡವಿನಲ್ಲೇ, ಹತ್ತುವ ಮೊದಲು.

ಕನ್ನಡಕದ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಬೈಫೋಕಲ್ ಹಾಕಿದವರಿಗೆ ಕೆಳಗಿನ ಗಾಜು ಓದಲಿಕ್ಕೆ ಇರುವುದು. ಅದರಲ್ಲಿ ನೋಡಿದರೆ ಕಾಲಿಡುವ ಜಾಗವೇ ಮಸುಕು. ತಲೆ ಪೂರ್ತಿ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಲು ಹೇಳಿ.

ಸಹಾಯ ಮಾಡುವವರು ದಯವಿಟ್ಟು ಎಳೆಯಬೇಡಿ. ಕಾಲೂರಿ ಗಟ್ಟಿಯಾಗಿ ನಿಂತು ತೋಳು ಕೊಡಿ. ಅದನ್ನು ಹಿಡಿದುಕೊಂಡು ನಿಧಾನವಾಗಿ ಅವರೇ ಏರಲಿ.

ಬುಕ್ ಮಾಡುವಾಗಲೇ ಮೂರು ಮಾತು ಕೇಳಿ. ವಾಪಸ್ ಬರುವ ಹೊತ್ತಿಗೆ ನೀರು ಎಷ್ಟಿರುತ್ತದೆ? ಇಳಿಯುವಾಗ ಹಿಡಿದುಕೊಳ್ಳಲು ಕಂಬಿಯೋ, ಕಾಲಿಡಲು ಮೆಟ್ಟಿಲೋ ಇದೆಯಾ? ಎರಡೂ ಹಗ್ಗ ಕಟ್ಟುತ್ತೀರಾ? ಸರಿಯಾದ ಉತ್ತರ ಸಿಗದಿದ್ದರೆ ಬೇರೆ ದೋಣಿ ನೋಡಿ.